ಹದಿನೇಳನೇ ವಿಷಯ

ನಗರಸಭೆಯ ಸಾಮಾನ್ಯ ಸಭೆಗೆ ಹೊರಡಿಸುವ ತಿಳುವಳಿಕೆ ಪತ್ರ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತದೆ. ಒಂದನೇ ವಿಷಯ: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವ ಬಗ್ಗೆ. ಎರಡನೆಯದು ಜಮಾ ಖರ್ಚಿಗೆ ಒಪ್ಪಿಗೆ. ಮುಗಿಯುವುದೂ ಒಂದೇ ಥರ: ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು. ನಡುವೆ ಹತ್ತೋ ಮೂವತ್ತೋ ವಿಷಯಗಳಿರುತ್ತವೆ. ನಿಮ್ಮ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕು, ಈ ವರ್ಷ ಆಸ್ತಿ ತೆರಿಗೆ ಎಷ್ಟು ಏರಬೇಕು, ಸಂತೆ ಸುಂಕದ ಹರಾಜು ಯಾವಾಗ, ಸ್ಮಶಾನಕ್ಕೆ ಕಾಂಪೌಂಡ್ ಹಾಕುವುದೋ ಬೇಡವೋ, ಎಲ್ಲವೂ ಅಲ್ಲೇ, ‘ಬಗ್ಗೆ’ ಎಂದು ಮುಗಿಯುವ ಒಂದೊಂದು ಸಾಲಿನಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮೂರ ನಗರಸಭೆಯ ಇಂಥದೊಂದು ಸಭೆಗೆ ಹೋಗಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಹನ್ನೊಂದು ಗಂಟೆಗೆ ಕರೆದ ಸಭೆ ಕೋರಂ ಇಲ್ಲದೆ ಹನ್ನೆರಡು ದಾಟಿದ ಮೇಲೆ ಶುರುವಾಯಿತು. ಗಾಂಧಿ, ಅಂಬೇಡ್ಕರ್ ಪಟಗಳ ಕೆಳಗೆ ಅಧ್ಯಕ್ಷರು, ಪಕ್ಕದಲ್ಲಿ ಪೌರಾಯುಕ್ತರು, ಎಡಬಲಕ್ಕೆ ಸದಸ್ಯರು, ಗೋಡೆಯ ಬದಿಗೆ ಕಡತ ಹಿಡಿದು ನಿಂತ ಎಂಜಿನಿಯರು, ಆರೋಗ್ಯ ನಿರೀಕ್ಷಕರು, ಕಂದಾಯ ಅಧಿಕಾರಿ. ವಿಷಯ ನಿರ್ವಾಹಕರು ಒಂದೊಂದೇ ಸಾಲು ಓದುತ್ತಿದ್ದರು. ‘ಒಪ್ಪಿಗೆ ಇದೆ’ ಎಂಬ ದನಿ ಎರಡು ಕಡೆಯಿಂದ ಬರುತ್ತಿತ್ತು. ಮುಂದಿನ ಸಾಲು. ಹೀಗೆ ಹದಿನಾರು ವಿಷಯ ಮುಗಿದವು.

ಹದಿನೇಳನೆಯದು ಬಸ್ ನಿಲ್ದಾಣದ ಮುಂದಿನ ರಸ್ತೆಯ ಎರಡೂ ಬದಿ ಹೂವು, ಹಣ್ಣು, ಸೊಪ್ಪು ಮಾರುವವರನ್ನು ಸಂತೆ ಮೈದಾನದ ಹಿಂಭಾಗಕ್ಕೆ ಸ್ಥಳಾಂತರಿಸುವ ಬಗ್ಗೆ. ಯಾರೋ ‘ಒಪ್ಪಿಗೆ’ ಎನ್ನುವಷ್ಟರಲ್ಲಿ ಮೂರನೇ ಸಾಲಿನಿಂದ ಒಬ್ಬ ಸದಸ್ಯೆ ಎದ್ದು ನಿಂತರು. ಮೊದಲ ಸಲ ಗೆದ್ದು ಬಂದವರು. ಅವರ ಕೈಲಿದ್ದ ತಿಳುವಳಿಕೆ ಪತ್ರದ ಅಂಚಿನ ತುಂಬ ಪೆನ್ನಿನ ಗುರುತುಗಳಿದ್ದವು.

‘ಅಧ್ಯಕ್ಷರೇ, ಇದು ಪಟ್ಟಣ ವ್ಯಾಪಾರ ಸಮಿತಿ ಮುಂದೆ ಬಂದಿತ್ತಾ?’

ಅಧ್ಯಕ್ಷರು ಪೌರಾಯುಕ್ತರ ಮುಖ ನೋಡಿದರು. ಪೌರಾಯುಕ್ತರು ಗೋಡೆಯ ಬದಿ ನೋಡಿದರು. ಸಮಿತಿಯ ಸಭೆ ಇನ್ನೂ ಕರೆದಿಲ್ಲ ಎಂಬ ಉತ್ತರ ಗೋಡೆಯ ಕಡೆಯಿಂದ ಬಂತು.

‘ಸಮಿತಿಗೇ ಬರದೇ ಇರೋದು ಇಲ್ಲಿಗೆ ಹೆಂಗೆ ಬಂತು? ಆ ಜಾಗದಲ್ಲಿ ಲೈಟಿಲ್ಲ, ನಲ್ಲಿ ಇಲ್ಲ. ಹೆಣ್ಣುಮಕ್ಕಳು ಬೆಳಿಗ್ಗೆ ಐದಕ್ಕೆ ಬಂದು ರಾತ್ರಿ ಎಂಟರವರೆಗೂ ಕೂರ್ತಾರೆ, ಅಲ್ಲೊಂದು ಶೌಚಾಲಯ ಇಲ್ಲ. ಬಸ್ ಇಳಿದವರು ಮೈದಾನದ ಹಿಂದಕ್ಕೆ ಹೋಗಿ ಹೂವು ತಗೋತಾರಾ? ಇದನ್ನ ಬರೆದುಕೊಳ್ಳಿ, ನಾನು ಹೇಳಿದ್ದು ನಡಾವಳಿಯಲ್ಲಿ ಬರಬೇಕು.’

ಆಮೇಲೆ ಸಭೆ ನಿಜವಾಗಿ ಸಭೆಯಾಯಿತು. ಎದುರು ಸಾಲಿನ ಹಿರಿಯ ಸದಸ್ಯರೊಬ್ಬರು ಎದ್ದು, ಆ ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡದ್ದನ್ನು ತಾವೇ ಕಣ್ಣಾರೆ ನೋಡಿದ್ದಾಗಿ ಹೇಳಿದರು. ಅವರ ಮಾತಿನಲ್ಲೂ ಹುರುಳಿತ್ತು. ಒಂದೇ ಬದಿ ಕೂರಿಸಿದರೆ ಎಷ್ಟು ಅಡಿ ಸಿಗುತ್ತದೆ ಎಂದು ಇನ್ನೊಬ್ಬರು ಕೇಳಿದರು. ಅಳತೆ ಮಾಡಿಲ್ಲ ಎಂದು ಎಂಜಿನಿಯರ್ ಒಪ್ಪಿಕೊಂಡರು. ಅರ್ಧ ಗಂಟೆ ಮಾತಾದ ಮೇಲೆ ತೀರ್ಮಾನವಾಯಿತು: ವ್ಯಾಪಾರಿಗಳ ಸಮೀಕ್ಷೆ ಮುಗಿಸುವುದು, ಸಮಿತಿಯ ಸಭೆ ಕರೆಯುವುದು, ರಸ್ತೆಯ ಅಗಲ ಅಳೆದು ವರದಿ ಕೊಡುವುದು, ವಿಷಯವನ್ನು ಮುಂದಿನ ಸಭೆಗೆ ಇಡುವುದು. ಅದುವರೆಗೆ ವ್ಯಾಪಾರಿಗಳು ಇರುವಲ್ಲೇ ಇರುತ್ತಾರೆ.

ಆ ಸದಸ್ಯೆ ಕೇಳಿದ್ದು ಕಾನೂನಿನ ಪ್ರಶ್ನೆ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿದೆ. ಅದರ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳು ತಾವೇ ಆರಿಸಿ ಕಳಿಸಿದ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಾಗಿರಬೇಕು. ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೂ 30 ದಿನ ಮೊದಲೇ ನೋಟಿಸ್ ಕೊಡಬೇಕು. ದೆಹಲಿಯಲ್ಲಿ ಬರೆದ ಈ ಸಾಲುಗಳು ನಮ್ಮೂರ ಬಸ್ ನಿಲ್ದಾಣದ ಮುಂದೆ ಕೂತ ಹೂವಿನ ಬುಟ್ಟಿಯವರೆಗೆ ಬಂದು ತಲುಪಲು ಯಾರೋ ಒಬ್ಬರು, ಒಂದು ಸಭೆಯಲ್ಲಿ, ಎದ್ದು ನಿಂತು ಕೇಳಬೇಕಾಯಿತು.

ಸ್ಥಳೀಯ ಆಡಳಿತದಲ್ಲಿ ನೀತಿ ಎಂದರೆ ಇದು. ಅದಕ್ಕೆ ದೊಡ್ಡ ದಾಖಲೆ, ಬಣ್ಣದ ಹೊದಿಕೆ ಇರುವುದಿಲ್ಲ. ಕಡತದಲ್ಲಿ ಬರೆದ ಕಾರಣ ಎರಡು ಮೇಜುಗಳ ನಡುವೆ ಓಡಾಡುತ್ತದೆ. ಸಭೆಯಲ್ಲಿ ಆ ಕಾರಣವನ್ನು ಬಾಯಿಬಿಟ್ಟು ಹೇಳಬೇಕು, ಎದುರಿಗೆ ಕೂತವರು ಅದನ್ನು ಕೇಳಿಸಿಕೊಳ್ಳಬೇಕು, ಒಪ್ಪದಿದ್ದರೆ ಆ ಮಾತೂ ನಡಾವಳಿಗೆ ಸೇರಬೇಕು. ಅದಕ್ಕಾಗಿಯೇ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಾಗಲಿ, 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಾಗಲಿ ತಿಂಗಳಿಗೊಂದು ಸಾಮಾನ್ಯ ಸಭೆ, ಮುಂಚಿತ ತಿಳುವಳಿಕೆ ಪತ್ರ, ಕೋರಂ, ನಡಾವಳಿ ಪುಸ್ತಕ ಎಂದು ಇಷ್ಟೊಂದು ಕಟ್ಟಳೆಗಳನ್ನು ಇಟ್ಟಿರುವುದು.

ತಿಳುವಳಿಕೆ ಪತ್ರದಲ್ಲಿ ಎರಡು ಪದಗಳನ್ನು ಗಮನಿಸಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ಒಂದು ‘ಘಟನೋತ್ತರ ಮಂಜೂರಾತಿ’. ಕೆಲಸ ಆಗಿಹೋಗಿದೆ, ಹಣ ಕೊಟ್ಟಾಗಿದೆ ಅಥವಾ ಕೊಡಬೇಕಾಗಿದೆ, ಈಗ ಸಭೆ ಒಪ್ಪಬೇಕು ಎಂದು ಇದರರ್ಥ. ರಾತ್ರಿ ಪೈಪು ಒಡೆದರೆ, ಬೇಸಿಗೆಯಲ್ಲಿ ಕೊಳವೆ ಬಾವಿಯ ಮೋಟಾರು ಸುಟ್ಟರೆ ಮುಂದಿನ ತಿಂಗಳ ಸಭೆಯವರೆಗೆ ಕಾಯಲು ಬರುವುದಿಲ್ಲ. ಹಾಗಾಗಿ ಇದು ಬೇಕಾದ ದಾರಿಯೇ. ಆದರೆ ಒಂದು ಊರಿನ ಸಭೆಯಲ್ಲಿ ಅರ್ಧಕ್ಕರ್ಧ ವಿಷಯಗಳು ಘಟನೋತ್ತರವಾಗಿಯೇ ಬರುತ್ತಿವೆ ಎಂದರೆ ಅಲ್ಲಿ ತೀರ್ಮಾನಗಳು ಬೇರೆಲ್ಲೋ ಆಗುತ್ತಿವೆ, ಸಭೆ ಮೊಹರು ಒತ್ತುತ್ತಿದೆ ಎಂದೇ ತಿಳಿಯಬೇಕು. ಇನ್ನೊಂದು, ಕೊನೆಯ ಸಾಲಿನ ‘ಇತರೆ ವಿಷಯಗಳು’. ಮುಂಚಿತವಾಗಿ ಯಾರಿಗೂ ತಿಳಿಸದೆ, ಊಟದ ಹೊತ್ತು ಮೀರಿ ಅರ್ಧ ಸಭೆ ಖಾಲಿಯಾದ ಮೇಲೆ ಒಂದು ಬಡಾವಣೆಯ ವಿಚಾರವೋ ಮಳಿಗೆಯ ಬಾಡಿಗೆ ಅವಧಿಯ ವಿಸ್ತರಣೆಯೋ ಬರುವುದು ಈ ಬಾಗಿಲಿನಿಂದ. ಏಳು ದಿನ ಮುಂಚೆ ತಿಳಿಸಬೇಕೆಂಬ ಕಟ್ಟಳೆಗೆ ಬೆಲೆ ಉಳಿಯಬೇಕಾದರೆ ಈ ಬಾಗಿಲು ಕಿರಿದಾಗಿರಬೇಕು.

ಅದೇ ನಗರಸಭೆಯಲ್ಲಿ ಇನ್ನೊಬ್ಬ ಸದಸ್ಯರಿದ್ದರು, ಮಾತು ಕಡಿಮೆ. ಅವರು ಪ್ರತಿ ಸಭೆಗೂ ಶಾಲೆಯ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ ತರುತ್ತಿದ್ದರು. ಒಮ್ಮೆ ಅದನ್ನು ನನಗೆ ತೋರಿಸಿದರು. ಘಟನೋತ್ತರವಾಗಿ ಬಂದ ಮೋಟಾರು ರಿಪೇರಿಗಳನ್ನೆಲ್ಲ ಕೊಳವೆ ಬಾವಿಯ ನಂಬರಿನ ಪ್ರಕಾರ ಗೆರೆ ಹಾಕಿ ಬರೆದಿದ್ದರು. ಒಂದೇ ಬಾವಿಯ ಮೋಟಾರಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ವೈಂಡಿಂಗ್ ಬಿಲ್ಲು ಬಂದಿತ್ತು. ನಾಲ್ಕನೆಯ ಸಲ ಅವರು ನೋಟ್‌ಬುಕ್ ತೆರೆದು ತಾರೀಖು ಸಮೇತ ಓದಿದರು. ಸಭೆ ಹೊಸ ಮೋಟಾರು ಕೊಳ್ಳಲು, ಪ್ರತಿ ಬಾವಿಗೂ ಬೇರೆ ಬೇರೆ ರಿಪೇರಿ ರಿಜಿಸ್ಟರ್ ಇಡಲು ನಿರ್ಣಯ ಮಾಡಿತು. ಆ ವಾರ್ಡಿನ ಜನಕ್ಕೆ ನೀರು ಸರಿಯಾಗಿ ಬಂದದ್ದು ಗೊತ್ತು, ನೋಟ್‌ಬುಕ್ಕಿನ ವಿಷಯ ಗೊತ್ತಿಲ್ಲ. ಇಂಥ ಸದಸ್ಯರು ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಸಭೆಯ ಗದ್ದಲ, ಸಭಾಂಗಣದ ಬಾವಿಗಿಳಿದು ಧರಣಿ, ಹರಿದೆಸೆದ ಕಾಗದ ಇವಷ್ಟೇ ಸುದ್ದಿಯಾಗುವುದರಿಂದ ಅವರನ್ನು ನಾವು ನೋಡುವುದೇ ಇಲ್ಲ. ಪತ್ರಿಕೆಗಳಿಗೆ ಬರೆಯುವವನಾಗಿ ಇದರಲ್ಲಿ ನನ್ನ ಪಾಲೂ ಇದೆ.

ಹದಿನೇಳನೇ ವಿಷಯಕ್ಕೆ ಮರಳುತ್ತೇನೆ. ಸಮೀಕ್ಷೆ ಶುರುವಾಯಿತು, ಮುಗಿಯಲಿಲ್ಲ. ಅಷ್ಟರಲ್ಲಿ ಚುನಾಯಿತ ಮಂಡಳಿಯ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ. ಊರಿಗೆ ಆಡಳಿತಾಧಿಕಾರಿ ಬಂದರು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಮುಂದಿನ ರಸ್ತೆ ಖಾಲಿಯಾಗಿತ್ತು. ನಾನು ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ನಡಾವಳಿಯ ನಕಲು ಪಡೆದೆ. ಹಿಂದಿನ ಸಲ ಅದೇ ವಿಷಯಕ್ಕೆ ಮುಕ್ಕಾಲು ಪುಟ ಹಿಡಿದಿತ್ತು: ಯಾರು ಏನು ಕೇಳಿದರು, ಅಧಿಕಾರಿಗಳು ಏನೆಂದರು, ಯಾವ ಷರತ್ತಿನ ಮೇಲೆ ಮುಂದೂಡಲಾಯಿತು. ಈ ಸಲ ಒಂದೇ ವಾಕ್ಯ: ವಿಷಯವನ್ನು ಪರಿಶೀಲಿಸಿ ಅನುಮೋದಿಸಲಾಯಿತು. ಶೌಚಾಲಯದ ಮಾತಿಲ್ಲ, ದೀಪದ ಮಾತಿಲ್ಲ, ರಸ್ತೆಯ ಅಳತೆಯೂ ಇಲ್ಲ.

ಆ ಅಧಿಕಾರಿಯ ಮೇಲೆ ನನಗೆ ದೂರಿಲ್ಲ. ಆಡಳಿತಾಧಿಕಾರಿಯಾಗಿ ಬರುವವರು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು, ಉಪವಿಭಾಗಾಧಿಕಾರಿಗಳು ಅಥವಾ ತಹಶೀಲ್ದಾರರು. ಅವರ ಮೇಜಿನ ಮೇಲೆ ಜಮೀನಿನ ತಕರಾರುಗಳಿವೆ, ಬರ–ನೆರೆ ಪರಿಹಾರವಿದೆ, ಮತದಾರರ ಪಟ್ಟಿ ಇದೆ, ಮಂತ್ರಿಗಳ ಪ್ರವಾಸವಿದೆ. ಊರಿನ ಮೂವತ್ತೊಂದು ವಾರ್ಡುಗಳ ಚರಂಡಿ ಅದರ ನಡುವೆ ಒಂದು ಕಡತ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಪ್ರಸ್ತಾವ ಕಳಿಸುವ ಕಚೇರಿಗೂ ಅದನ್ನು ಒಪ್ಪುವ ಸಭೆಗೂ ನಡುವೆ ಇರಬೇಕಾದ ಅಂತರ ಅಲ್ಲಿ ಉಳಿಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಬಂದು ಕೂರುವ ಹೆಂಗಸಿಗೆ ಶೌಚಾಲಯ ಬೇಕೆಂಬುದು ಯಾವ ಕಡತದಲ್ಲೂ ತಾನಾಗಿ ಹುಟ್ಟುವ ಸಾಲಲ್ಲ. ಆ ಹೆಂಗಸಿನ ಓಟು ಕೇಳಿ ಗೆದ್ದವರ ಬಾಯಲ್ಲಿ ಅದು ಹುಟ್ಟುತ್ತದೆ.

ಇದು ನಮ್ಮೂರೊಂದರ ಕತೆಯಾಗಿದ್ದರೆ ಅಂಕಣದಲ್ಲಿ ಬರೆಯುತ್ತಿರಲಿಲ್ಲ. ರಾಜ್ಯದ ರಾಜಧಾನಿಯನ್ನೇ ನೋಡಿ. ಬೆಂಗಳೂರಿಗೆ ಪೌರಾಡಳಿತ ಹೊಸದೇನಲ್ಲ. ಪೇಟೆಗೂ ದಂಡಿಗೂ ಮುನಿಸಿಪಾಲಿಟಿಗಳು ಬಂದದ್ದು 1862ರಲ್ಲಿ. 1949ರಲ್ಲಿ ಎರಡೂ ಕೂಡಿ ಕಾರ್ಪೊರೇಷನ್ ಆಯಿತು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಹುಟ್ಟಿತು. ಹಳೆಯ ಪಾಲಿಕೆಯ ಮಂಡಳಿಯ ಅವಧಿ 2006ರಲ್ಲೇ ಮುಗಿದಿತ್ತು, ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ಮತ್ತೆ 2015ರ ಆಗಸ್ಟಿನಲ್ಲಿ ಚುನಾವಣೆ. ಆ ಮಂಡಳಿಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದಾಚೆ 198 ಇದ್ದ ವಾರ್ಡುಗಳನ್ನು ಮೊದಲು 243 ಮಾಡಿದರು, ಆಮೇಲೆ 225 ಮಾಡಿದರು. ಎರಡು ಸಲವೂ ಗಡಿ ಗುರುತಾಯಿತು, ಚುನಾವಣೆ ಆಗಲಿಲ್ಲ. ಕೊನೆಗೆ 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಅದೇ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಾದವು. ಅವುಗಳ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಬಿಬಿಎಂಪಿ ಎಂಬ ಹೆಸರೇ ಅಳಿದುಹೋದ ದಿನದವರೆಗೆ, ಐದು ವರ್ಷ, ಕೆಂಪೇಗೌಡ ಪೌರ ಸಭಾಂಗಣದಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ. ಸಾವಿರಾರು ಕೋಟಿ ರೂಪಾಯಿಯ ಬಜೆಟ್ಟುಗಳು ಆ ಅವಧಿಯಲ್ಲಿ ಸಭೆಯಿಲ್ಲದೆ ಒಪ್ಪಿಗೆಯಾದವು. ಕೋವಿಡ್‌ನ ಎರಡನೇ ಅಲೆಯಲ್ಲಿ ಹಾಸಿಗೆಗಾಗಿ ಊರಿಗೆ ಊರೇ ಅಲೆದಾಡಿದಾಗ ವಾರ್ಡಿಗೊಬ್ಬ ಚುನಾಯಿತ ಸದಸ್ಯರಿರಲಿಲ್ಲ.

ಮೈಸೂರು ಮಹಾನಗರ ಪಾಲಿಕೆಯ ಮಂಡಳಿಯ ಅವಧಿಯೂ 2023ರ ನವೆಂಬರಿನಲ್ಲಿ ಮುಗಿದು ಅಲ್ಲಿಗೂ ಆಡಳಿತಾಧಿಕಾರಿ ಬಂದರು. ಇನ್ನು ಚುನಾವಣೆ ನಡೆದ ಊರುಗಳ ಪಾಡು ಬೇರೆ ಥರ. 2018ರಲ್ಲಿ ರಾಜ್ಯದ ಅನೇಕ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಸದಸ್ಯರು ಆರಿಸಿ ಬಂದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಗೆ. ಗೆದ್ದ ಪ್ರಮಾಣಪತ್ರ ಮನೆಯ ಗೋಡೆಯ ಮೇಲೆ, ಸಭೆ ಮಾತ್ರ ಇಲ್ಲ. ತನ್ನ ವಾರ್ಡಿನ ಬೀದಿ ದೀಪ ಕೆಟ್ಟರೆ ಅರ್ಜಿ ಹಿಡಿದು ಆಡಳಿತಾಧಿಕಾರಿಯ ಬಾಗಿಲಲ್ಲಿ ನಿಲ್ಲಬೇಕಾದ ಸದಸ್ಯರನ್ನು ಆ ಎರಡು ವರ್ಷ ನಾನು ಕಂಡಿದ್ದೇನೆ.

ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂದು 1993ರ ಜೂನ್ 1ರಿಂದ ಜಾರಿಯಾದದ್ದು ಇದನ್ನು ತಡೆಯುವುದಕ್ಕೇ. ಅದಕ್ಕೂ ಮುಂಚೆ ಮುನಿಸಿಪಾಲಿಟಿಗಳನ್ನು ಬರಖಾಸ್ತು ಮಾಡಿ ವರ್ಷಗಟ್ಟಲೆ ಅಧಿಕಾರಿಗಳ ಕೈಗೆ ಕೊಡುವುದು ದೇಶದುದ್ದಕ್ಕೂ ವಾಡಿಕೆಯಾಗಿತ್ತು. ತಿದ್ದುಪಡಿ ನೇರವಾಗಿ ಹೇಳಿತು: ಐದು ವರ್ಷದ ಅವಧಿ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ತಿಯಾಗಬೇಕು, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ, 2006ರಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನೇ ಒತ್ತಿ ಹೇಳಿತು. ಮಾಮೂಲಿ ಆಡಳಿತಾತ್ಮಕ ತೊಡಕುಗಳ ನೆಪದಲ್ಲಿ ಚುನಾವಣೆಯನ್ನು ಮುಂದೆ ಹಾಕುವಂತಿಲ್ಲ ಎಂದಿತು. ಆದರೆ ವಾರ್ಡು ಮರುವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಕೆಲಸ ರಾಜ್ಯ ಸರ್ಕಾರದ ಕೈಯಲ್ಲಿದೆ. ರಾಜ್ಯ ಚುನಾವಣಾ ಆಯೋಗ ಆ ಪಟ್ಟಿಗಾಗಿ ಕಾಯುತ್ತದೆ. ಪಟ್ಟಿ ತಡವಾಗಿ ಬರುತ್ತದೆ, ಬಂದ ಮೇಲೆ ಯಾರೋ ಕೋರ್ಟಿಗೆ ಹೋಗುತ್ತಾರೆ. ಹಿಂದುಳಿದ ವರ್ಗಗಳ ಮೀಸಲಾತಿಗೆ ಆಯೋಗ ನೇಮಿಸಿ, ಅಂಕಿಅಂಶ ಕಲೆಹಾಕಿ, ಒಟ್ಟು ಮೀಸಲಾತಿ ಶೇ 50 ಮೀರದಂತೆ ನಿಗದಿ ಮಾಡಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದ್ದು ನ್ಯಾಯವಾದದ್ದೇ. ನಮ್ಮಲ್ಲಿ ಅದಕ್ಕಾಗಿ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗವನ್ನೂ ನೇಮಿಸಿದರು. ಮೀಸಲಾತಿಯಿಂದಲೇ ನಮ್ಮೂರ ಆ ಸದಸ್ಯೆ ಮೂರನೇ ಸಾಲಿನವರೆಗೆ ಬಂದದ್ದು, ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಹಾಗಾಗಿ ಮೀಸಲಾತಿಯನ್ನು ವಿಳಂಬಕ್ಕೆ ಕಾರಣ ಎಂದು ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಐದು ವರ್ಷ ಮೊದಲೇ ಗೊತ್ತಿರುವ ತಾರೀಖಿಗೆ ಎರಡು ವರ್ಷ ಮೊದಲೇ ಪಟ್ಟಿ ಸಿದ್ಧಮಾಡುವ ಇಚ್ಛೆ ಇದ್ದರೆ ಸಾಕು.

ಆ ಇಚ್ಛೆ ಯಾಕಿಲ್ಲ ಎಂಬುದಕ್ಕೆ ಉತ್ತರ ಕಷ್ಟದ್ದಲ್ಲ. ವಾರ್ಡಿನ ರಸ್ತೆ, ಚರಂಡಿ, ಪಾರ್ಕುಗಳ ಮೇಲೆ ಕಾರ್ಪೊರೇಟರಿಗೆ ಇರುವ ಹಿಡಿತ ಅವರಿಲ್ಲದಾಗ ಶಾಸಕರ ಕೈಗೆ ಹೋಗುತ್ತದೆ. ಯಾವ ಪಕ್ಷದ ಸರ್ಕಾರವಿದ್ದರೂ ಇದೇ ಕತೆ. ಬೆಂಗಳೂರಿನಲ್ಲಿ 2020ರಿಂದಾಚೆ ಸರ್ಕಾರ ಬದಲಾಗಿದೆ, ಸಭಾಂಗಣದ ಬೀಗ ಬದಲಾಗಲಿಲ್ಲ.

ಸಭೆ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದೇನೂ ನಾನು ಹೇಳುತ್ತಿಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ 18 ವಿಷಯಗಳನ್ನು ಗುರುತಿಸಿದ್ದಾರೆ. ಮೊದಲನೆಯದೇ ನಗರ ಯೋಜನೆ. ಆದರೆ ಯೋಜನೆ ಮಾಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಬೆಂಗಳೂರಿನಲ್ಲಿ 1976ರಿಂದ ದಶಕಗಳ ಕಾಲ ಅದನ್ನು ಮಾಡಿದ್ದು ಬಿಡಿಎ. ನೀರಿಗೆ ರಾಜಧಾನಿಯಲ್ಲಿ 1964ರಿಂದ ಜಲಮಂಡಳಿ, ಉಳಿದ ಊರುಗಳ ದೊಡ್ಡ ಕುಡಿಯುವ ನೀರಿನ, ಒಳಚರಂಡಿ ಕಾಮಗಾರಿಗಳಿಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಒಳಚರಂಡಿಗೆಂದು ಹೊಸ ರಸ್ತೆ ಅಗೆದುಹಾಕಿದವರು ನಗರಸಭೆಗೆ ಉತ್ತರ ಹೇಳಬೇಕಾಗಿಲ್ಲ. ಮತದಾರರ ಬೈಗುಳ ಮಾತ್ರ ವಾರ್ಡಿನ ಸದಸ್ಯರಿಗೆ. ಮಹಾನಗರ ಪಾಲಿಕೆಯ ಮೇಯರ್ ಅವಧಿ 1976ರ ಕಾಯ್ದೆಯಲ್ಲಿ ಒಂದೇ ವರ್ಷ, ಕಡತ ಅರ್ಥವಾಗುವ ಹೊತ್ತಿಗೆ ಗೌನು ಕಳಚುವ ಹೊತ್ತಾಗಿರುತ್ತದೆ. ಸಭೆಯ ನಿರ್ಣಯವನ್ನು ತಡೆಹಿಡಿಯುವ, ರದ್ದುಮಾಡುವ ಅಧಿಕಾರ ಸರ್ಕಾರದ ಬಳಿ ಇದೆ. ಕೆಲವು ಕಡೆ ಸದಸ್ಯೆಯ ಕುರ್ಚಿಯ ಹಿಂದೆ ಅವರ ಗಂಡ ನಿಂತಿರುತ್ತಾರೆ. ಗುತ್ತಿಗೆದಾರರೇ ಸದಸ್ಯರಾಗಿ ಬರುವುದೂ ಉಂಟು.

ಇಷ್ಟೆಲ್ಲ ಇದ್ದೂ ಊರಿನ ಕೈಯಲ್ಲಿ ಏನೂ ಉಳಿದಿಲ್ಲ ಎನ್ನುವಂತಿಲ್ಲ. ಆಸ್ತಿ ತೆರಿಗೆಯನ್ನು ವರ್ಷಕ್ಕೆ ಶೇ 3ರಿಂದ 5ರೊಳಗೆ ಎಷ್ಟು ಏರಿಸಬೇಕೆಂದು ನಗರಸಭೆಯೇ ತೀರ್ಮಾನಿಸುತ್ತದೆ. ಕಸ ನಿರ್ವಹಣೆಗೆ ಪ್ರತಿ ಊರೂ ತನ್ನದೇ ಉಪವಿಧಿ ಮಾಡಿಕೊಳ್ಳಬೇಕು. ಉಪವಿಧಿಯ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಆ ಪ್ರಕಟಣೆ ಕಚೇರಿಯ ಸೂಚನಾ ಫಲಕದಲ್ಲಿ, ಸ್ಥಳೀಯ ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದಲ್ಲಿ ಬರುತ್ತದೆ. ಕೊಟ್ಟ ದಿನ ಕಳೆದ ಮೇಲೆ ಕಡತದಲ್ಲಿ ಬರೆಯುತ್ತಾರೆ: ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಆಮೇಲೆ ಕಸದ ಸೆಸ್ ಬಿಲ್ಲು ಮನೆಗೆ ಬಂದಾಗ ಜಗಳವಾಡುತ್ತೇವೆ.

ಬಜೆಟ್ಟಿನ ಮಾತು ಇನ್ನೂ ಹತ್ತಿರದ್ದು. ನಗರ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡಗಳವರ ಅಭಿವೃದ್ಧಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಹಣ ತೆಗೆದಿಡಬೇಕು. ಊರಿನವರು ಈ ಅಂಕಿಗಳನ್ನೇ ಹೆಸರು ಮಾಡಿಕೊಂಡಿದ್ದಾರೆ, ‘ಇಪ್ಪತ್ನಾಲ್ಕು ಹತ್ತರ ದುಡ್ಡು’ ಎನ್ನುತ್ತಾರೆ. ಹೊಲಿಗೆ ಯಂತ್ರ, ತ್ರಿಚಕ್ರ ವಾಹನ, ವಿದ್ಯಾರ್ಥಿಗಳ ಸಹಾಯಧನ, ಕಾಲೊನಿಯ ಕಾಂಕ್ರೀಟ್ ರಸ್ತೆ ಇವೆಲ್ಲ ಅದರಿಂದ. ಕ್ರಿಯಾ ಯೋಜನೆ ಹೊತ್ತಿಗೆ ಸರಿಯಾಗಿ ಸಭೆಗೆ ಬಂದು ಒಪ್ಪಿಗೆಯಾಗದಿದ್ದರೆ ಹಣ ಖರ್ಚಾಗದೆ ಮುಂದಿನ ವರ್ಷದ ಆರಂಭಿಕ ಶಿಲ್ಕಾಗಿ ಕೂರುತ್ತದೆ. ಬಜೆಟ್ ಪುಸ್ತಕದಲ್ಲಿ ನಾನು ಮೊದಲು ನೋಡುವ ಸಾಲು ಅದು. ಕಳೆದ ವರ್ಷ ಉಳಿದದ್ದೆಷ್ಟು, ಯಾರ ಹೆಸರಿನಲ್ಲಿ ಉಳಿಯಿತು. ಬಜೆಟ್ ಮಂಡಿಸುವ ಮುಂಚೆ ಸಾರ್ವಜನಿಕರ ಸಮಾಲೋಚನಾ ಸಭೆ ಕರೆಯಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಬಹಳ ಊರುಗಳಲ್ಲಿ ಅದು ಬೆರಳೆಣಿಕೆಯ ಜನರ ಮುಂದೆ ಮುಗಿದುಹೋಗುತ್ತದೆ, ಬಂದವರಲ್ಲೂ ಹೆಚ್ಚಿನವರು ಮಾಜಿ ಸದಸ್ಯರು, ವರದಿಗಾರರು.

ವಾರ್ಡ್ ಸಮಿತಿಗಳ ಬಗ್ಗೆಯೂ ಎರಡು ಮಾತು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ಇವು ಇರಲೇಬೇಕೆಂದು ಸಂವಿಧಾನವೇ ಹೇಳಿದೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಒತ್ತಾಯದ ಮೇಲೆ ಸಮಿತಿಗಳು ಜೀವ ತಳೆದು, 2018ರ ಕೊನೆಯಿಂದ ತಿಂಗಳ ಮೊದಲ ಶನಿವಾರ ಸಭೆ ಸೇರುವ ರೂಢಿ ಬಂತು. ನಿವಾಸಿಗಳ ಸಂಘಗಳವರು, ಮಹಿಳೆಯರು, ಪರಿಶಿಷ್ಟರು ಇರಲೇಬೇಕಾದ ಹತ್ತು ಜನರ ಸಮಿತಿ, ಕಾರ್ಪೊರೇಟರ್ ಅಧ್ಯಕ್ಷರು. ಗೆಳೆಯರೊಬ್ಬರ ಜೊತೆ ಅಂಥದೊಂದು ಸಭೆಗೆ ಹೋಗಿದ್ದೆ. ವಾರ್ಡ್ ಕಚೇರಿಯ ಸಣ್ಣ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು. ಒಬ್ಬ ನಿವೃತ್ತ ಮೇಷ್ಟ್ರು ಶಾಲೆಯ ಮುಂದಿನ ರಸ್ತೆಗೆ ಹಂಪ್ ಬೇಕೆಂದು ಮೂರನೇ ಸಲ ಕೇಳಿದರು. ಹಿಂದಿನೆರಡು ಸಭೆಗಳ ನಡಾವಳಿಯನ್ನು ಅವರೇ ಜೆರಾಕ್ಸ್ ಮಾಡಿಸಿ ತಂದಿದ್ದರು. ಎಂಜಿನಿಯರ್ ಆ ಎರಡು ಹಾಳೆ ನೋಡಿದರು, ಸೋಮವಾರ ಸ್ಥಳಕ್ಕೆ ಬರುತ್ತೇನೆಂದು ಸಮಯ ಕೊಟ್ಟರು. ಮಂಡಳಿ ಹೋದ ಮೇಲೆ ಈ ಸಮಿತಿಗಳ ನಡುವಿನ ಕುರ್ಚಿಯಲ್ಲಿ ನೋಡಲ್ ಅಧಿಕಾರಿಗಳು ಕೂತರು. ಕೆಲವು ವಾರ್ಡುಗಳಲ್ಲಿ ಜನ ಬಿಡದೆ ಸಭೆ ಸೇರಿಸುತ್ತಲೇ ಬಂದರು. ಅವರಿಗೆ ನನ್ನ ಗೌರವವಿದೆ.

ನಮ್ಮೂರ ಸಂತೆ ಮೈದಾನದ ಹಿಂಭಾಗಕ್ಕೆ ಕಳೆದ ಫೆಬ್ರುವರಿಯಲ್ಲಿ ಹೋಗಿದ್ದೆ. ಬಸ್ ನಿಲ್ದಾಣದ ಮುಂದೆ ನಾನು ವರ್ಷಗಟ್ಟಲೆ ಮಲ್ಲಿಗೆ ಕೊಂಡ ಹೂವಿನಕ್ಕ ತಗಡಿನ ನೆರಳಿನ ಕೆಳಗೆ ಕೂತಿದ್ದರು. ಮಧ್ಯಾಹ್ನ ಮೂರಾಗಿತ್ತು, ಬುಟ್ಟಿಯ ಮೇಲೆ ಹೊದಿಸಿದ ಒದ್ದೆ ಬಟ್ಟೆ ಒಣಗಿತ್ತು. ನೀರು ಚಿಮುಕಿಸಲು ಬೇಕೆಂದರೆ ಬಸ್ ನಿಲ್ದಾಣದ ಹೋಟೆಲಿನಿಂದಲೇ ಬಾಟಲಿಯಲ್ಲಿ ತರಬೇಕು. ಅಕ್ಕಪಕ್ಕ ಕೂತಿದ್ದವರಲ್ಲಿ ಅರ್ಧ ಜನ ವ್ಯಾಪಾರ ಬಿಟ್ಟು ಗಾರ್ಮೆಂಟ್ಸಿಗೆ, ಗಾರೆ ಕೆಲಸಕ್ಕೆ ಹೋದರಂತೆ.

ನನ್ನ ಚೀಲದಲ್ಲಿ ಎರಡು ನಡಾವಳಿಗಳ ನಕಲಿತ್ತು. ಹಳೆಯದನ್ನು ಓದಿ ಹೇಳಿದೆ, ಆ ಸದಸ್ಯೆ ದೀಪದ ಬಗ್ಗೆ, ನಲ್ಲಿಯ ಬಗ್ಗೆ, ಶೌಚಾಲಯದ ಬಗ್ಗೆ ಕೇಳಿದ್ದ ಭಾಗ. ಅವರು ಹೂವು ಕಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

‘ಇಷ್ಟೆಲ್ಲ ನಮ್ ಬಗ್ಗೆ ಬರ್ದವ್ರಾ ಸಾ? ನಮ್ಗೆ ಯಾರೂ ಹೇಳ್ಲೇ ಇಲ್ವಲ್ಲ.’

ಮುಂದಿನ ಮಂಗಳವಾರ ಹನ್ನೊಂದಕ್ಕೆ ಬಜೆಟ್ ಪೂರ್ವ ಸಭೆ ಇದೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು ಅಕ್ಕ ಎಂದೆ. ಒಳಗೆ ಬಿಡ್ತಾರಾ ಎಂದು ಕೇಳಿದರು. ಬಿಡಲೇಬೇಕು ಎಂದೆ. ಹನ್ನೊಂದು ಗಂಟೆ ವ್ಯಾಪಾರದ ಹೊತ್ತು ಎಂದು ಒಂದು ಗಳಿಗೆ ಯೋಚಿಸಿ, ಪಕ್ಕದಲ್ಲಿ ಸೊಪ್ಪಿನ ಕಟ್ಟು ಜೋಡಿಸುತ್ತಿದ್ದವರನ್ನು ಕರೆದರು. ಬುಟ್ಟಿ ನೋಡಿಕೊಳ್ಳಲು ಯಾರ ಮಗಳನ್ನು ಕೂರಿಸಬಹುದೆಂದು ಇಬ್ಬರೂ ಮಾತಾಡಿಕೊಂಡರು. ಆಮೇಲೆ ಆ ಹಾಳೆ ಇಲ್ಲೇ ಇರಲಿ ಎಂದು ನನ್ನ ಕೈಯಿಂದ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ದುಡ್ಡಿಡುವ ಡಬ್ಬಿಯೊಳಗೆ ನೋಟುಗಳ ಕೆಳಗೆ ಇಟ್ಟುಕೊಂಡರು.